ಗಂಗಾಮೂಲದಿಂದ ಕೇಡಗಾಂವದವರೆಗೆ: ಪಂಡಿತಾ ರಮಾಬಾಯಿ ಕಟ್ಟಿದ ಮನೆ

ಪುಣೆಯಿಂದ ಸೊಲ್ಲಾಪುರದ ಮೇಲೆ ಕಲಬುರಗಿಗೋ ರಾಯಚೂರಿಗೋ ಬೆಂಗಳೂರಿಗೋ ರೈಲಿನಲ್ಲಿ ಹೋಗುವ ನಾವೆಲ್ಲ ದೌಂಡ್ ಜಂಕ್ಷನ್ ಬರುವ ಮುಂಚೆ ಕೇಡಗಾಂವ ಎಂಬ ಸಣ್ಣ ಸ್ಟೇಷನ್ನನ್ನು ದಾಟಿರುತ್ತೇವೆ. ಅಲ್ಲಿ 'ಮುಕ್ತಿ' ಎಂಬ ಹೆಸರಿನ ಒಂದು ದೊಡ್ಡ ಸಂಸ್ಥೆ ಇದೆ. ಅನಾಥ ಹೆಣ್ಣುಮಕ್ಕಳಿಗೆ, ನಿರ್ಗತಿಕ ಹೆಂಗಸರಿಗೆ ಆಸರೆಯಾದ ಈ ಸಂಸ್ಥೆಗೆ ನೂರಿಪ್ಪತ್ತು ವರ್ಷ ದಾಟಿದೆ, ಇವತ್ತಿಗೂ ನಡೆಯುತ್ತಿದೆ. ಅದನ್ನು ಕಟ್ಟಿದವರು ಪಂಡಿತಾ ರಮಾಬಾಯಿ.

ಮಹಾರಾಷ್ಟ್ರದವರು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಕಾಡಿನಲ್ಲಿ. ತಂದೆಯ ಊರು ಕಾರ್ಕಳದ ಹತ್ತಿರದ ಮಾಳ. ಈ ಸಂಗತಿ ನನಗೆ ತಿಳಿದದ್ದು ಪುಣೆಗೆ ಬಂದ ಎಷ್ಟೋ ವರ್ಷಗಳ ಮೇಲೆ. ನಾನು ಓದಿದ್ದು ಎಂಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಚರಿತ್ರೆ ನನ್ನ ವಿಷಯವಲ್ಲ. ಆದರೂ ಅವರ ಜೀವನವನ್ನು ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಒಂದೇ. ಒಳ್ಳೆಯ ಆಲೋಚನೆ ಎಲ್ಲರಿಗೂ ಬರುತ್ತದೆ. ನಮ್ಮ ವೇದಿಕೆಯ ಪ್ರತಿ ಸಭೆಯಲ್ಲೂ ಹತ್ತು ಬರುತ್ತವೆ. ಅವುಗಳಲ್ಲಿ ಒಂದು ಮಾತ್ರ ನೆಲಕ್ಕಿಳಿದು, ಬೇರು ಬಿಟ್ಟು, ಹುಟ್ಟುಹಾಕಿದವರು ಹೋದ ಮೇಲೂ ನಿಲ್ಲುವುದು ಹೇಗೆ? ರಮಾಬಾಯಿಯವರ ಬದುಕಿನಲ್ಲಿ ಇದಕ್ಕೆ ಉತ್ತರ ಇದೆ ಎಂದು ನನಗೆ ಅನ್ನಿಸಿದೆ. ಆದ್ದರಿಂದ ಈ ಲೇಖನ.

ಕಾಡಿನ ಮನೆಯ ಪಾಠ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಯುವಕರಾಗಿದ್ದಾಗ ಅವರು ಪುಣೆಯಲ್ಲಿ ಒಬ್ಬ ಶಾಸ್ತ್ರಿಗಳ ಬಳಿ ಕಲಿಯುತ್ತಿದ್ದರು. ಆ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೂ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿದ ಅನಂತಶಾಸ್ತ್ರಿಗಳಿಗೆ ತನ್ನ ಹೆಂಡತಿಗೂ ಕಲಿಸಬೇಕು ಎಂಬ ಆಸೆ ಹುಟ್ಟಿತು. ಮೊದಲ ಹೆಂಡತಿಗೆ ಅದರಲ್ಲಿ ಮನಸ್ಸಿರಲಿಲ್ಲ, ಮನೆಯ ಹಿರಿಯರಿಗೂ ಇಷ್ಟವಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಗೋದಾವರಿ ತೀರದಲ್ಲಿ ಒಂದು ಯಾತ್ರಿಕ ಕುಟುಂಬದ ಒಂಬತ್ತು ವರ್ಷದ ಹುಡುಗಿಯನ್ನು ಮದುವೆಯಾದರು. ಅವರೇ ಲಕ್ಷ್ಮೀಬಾಯಿ. ಈ ಸಲ ಪಾಠ ನಿಲ್ಲಲಿಲ್ಲ.

ಹೆಂಡತಿಗೆ ಸಂಸ್ಕೃತ ಕಲಿಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಊರಿನಲ್ಲಿ ಗುಲ್ಲಾಯಿತು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಅನಂತಶಾಸ್ತ್ರಿಗಳು ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಹೆಂಗಸರು ಕಾವ್ಯ ಪುರಾಣಗಳನ್ನು ಓದಬಾರದೆಂದು ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ ಎಂದು ಅವರು ಗ್ರಂಥಗಳನ್ನೇ ಮುಂದಿಟ್ಟು ತೋರಿಸಿದರು. ಆದರೂ ಊರಿನ ಗೊಡವೆ ಬೇಡವೆಂದು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಕಾಡುಪ್ರಾಣಿಗಳು ಓಡಾಡುವ ಜಾಗ ಅದು. ವಿದ್ಯಾರ್ಥಿಗಳು ಅಲ್ಲಿಗೇ ಹುಡುಕಿಕೊಂಡು ಬಂದರು. ಅವರಿಗೆ ಊಟ, ವಸತಿ, ಪಾಠ ಎಲ್ಲವೂ ಪುಕ್ಕಟೆ. ಶಾಸ್ತ್ರಿಗಳು ಹೊರಗೆ ಹೋದಾಗ ಲಕ್ಷ್ಮೀಬಾಯಿಯವರೇ ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಕಲಿತಿದ್ದರು.

1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಈ ಮನೆಯಲ್ಲಿ. ಆದರೆ ಬಂದವರಿಗೆಲ್ಲ ಅನ್ನ ಹಾಕುತ್ತ ಶಾಸ್ತ್ರಿಗಳು ಸಾಲಕ್ಕೆ ಬಿದ್ದಿದ್ದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಆಸ್ತಿ ಕೈಬಿಟ್ಟು ಇಡೀ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ರಮಾ ಬೆಳೆದದ್ದೆಲ್ಲ ದಾರಿಯ ಮೇಲೆ. ಬೆಳಗಿನ ಜಾವ ತಾಯಿ ಮಗಳನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಹಗಲೆಲ್ಲ ಮನೆಗೆಲಸ, ನಡಿಗೆ. ಹೀಗೆ ಹದಿನೈದು ತುಂಬುವಷ್ಟರಲ್ಲಿ ಭಾಗವತದ 18 ಸಾವಿರ ಶ್ಲೋಕಗಳು ಆಕೆಗೆ ಬಾಯಿಪಾಠವಾಗಿದ್ದವು. ಊರೂರು ತಿರುಗಿದ್ದರಿಂದ ಮರಾಠಿ, ಕನ್ನಡ, ಹಿಂದಿ ಎಲ್ಲವೂ ನಾಲಿಗೆಗೆ ಬಂದವು.

ಬರ ಕಲಿಸಿದ ಪಾಠ

ದೇವಸ್ಥಾನಗಳಲ್ಲಿ ಪುರಾಣ ಓದುವುದು, ಭಕ್ತರು ಕೊಟ್ಟದ್ದರಲ್ಲಿ ಊಟ ಮಾಡುವುದು, ಉಳಿದದ್ದನ್ನು ದಾನ ಮಾಡುವುದು. ಇದು ಕುಟುಂಬದ ಜೀವನಕ್ರಮ. ಮಳೆ ಬೆಳೆ ಸರಿಯಾಗಿದ್ದಾಗ ಇದು ನಡೆಯಿತು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬರ ಬಿದ್ದಾಗ ಕೇಳುವವರು ಯಾರೂ ಇಲ್ಲದಾಯಿತು. ಒಡವೆ ಮಾರಿದರು, ಪಾತ್ರೆ ಮಾರಿದರು, ಕಡೆಗೆ ಕಾಡಿನ ಎಲೆ ತಿಂದರು. ಭಿಕ್ಷೆ ಬೇಡಲು ಮನಸ್ಸು ಬರದು, ಕೂಲಿ ಮಾಡಲು ಕಲಿತಿಲ್ಲ. 1874ರಲ್ಲಿ ಮೊದಲು ತಂದೆ, ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ತಾಯಿಯ ಚಟ್ಟ ಹೊರಲು ನಾಲ್ಕು ಜನ ಗಂಡಸರು ಸಿಗಲಿಲ್ಲ. ಹದಿನಾರರ ಹುಡುಗಿ ರಮಾ ತಾನೇ ನಾಲ್ಕನೆಯವಳಾಗಿ ಹೊತ್ತಳು. ಎತ್ತರ ಸಾಲದ್ದರಿಂದ ಹೆಗಲಿನ ಬದಲು ತಲೆಯ ಮೇಲೆ ಹೊರಬೇಕಾಯಿತು.

ಈ ಭಾಗವನ್ನು ನಾನು ಒಂದೇ ಸಲಕ್ಕೆ ಓದಲಾಗಲಿಲ್ಲ. ಇಡೀ ಮನೆಯೇ ವಿದ್ಯೆಯಿಂದ ತುಂಬಿತ್ತು, ಆ ವಿದ್ಯೆ ಒಂದು ಹಿಡಿ ಅಕ್ಕಿ ತರಲಿಲ್ಲ. ಕೈಯಲ್ಲಿ ಒಂದು ಕಸುಬು ಇರಲಿಲ್ಲ. ಮುಂದೆ ರಮಾಬಾಯಿ ಕಟ್ಟಿದ ಪ್ರತಿಯೊಂದು ಸಂಸ್ಥೆಯಲ್ಲೂ ಅಕ್ಷರದ ಪಕ್ಕದಲ್ಲಿ ಕಸುಬು ಇತ್ತು. ಅದರ ಬೇರು ಇಲ್ಲಿದೆ.

ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದು, ಉತ್ತರ ಭಾರತವನ್ನೆಲ್ಲ ಸುತ್ತಿ, 1878ರಲ್ಲಿ ಕಲ್ಕತ್ತಾ ತಲುಪಿದರು. ಇಪ್ಪತ್ತು ವರ್ಷದ ಹುಡುಗಿ ನಿರರ್ಗಳವಾಗಿ ಸಂಸ್ಕೃತ ಮಾತನಾಡುವುದನ್ನು ಕಂಡ ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ 'ಪಂಡಿತಾ' ಮತ್ತು 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಬಂಗಾಳದಲ್ಲಿ ಸ್ತ್ರೀಶಿಕ್ಷಣದ ಬಗ್ಗೆ ಉಪನ್ಯಾಸ ಮಾಡುತ್ತ ಇಬ್ಬರೂ ತಿರುಗಿದರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿ ಬೇರೆ, ಪ್ರಾಂತ್ಯ ಬೇರೆ. ಅಸ್ಸಾಮಿನ ಸಿಲ್ಚರ್‌ನಲ್ಲಿ ಸಂಸಾರ. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾದಿಂದ ತೀರಿಕೊಂಡರು. 23 ವರ್ಷದ ರಮಾಬಾಯಿ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ಮೊದಲ ಹೆಜ್ಜೆ

ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆ ಮೊದಲಾದ ಸುಧಾರಕರು ಅವರಿಗೆ ಬೆಂಬಲವಾಗಿ ನಿಂತರು. 1882ರಲ್ಲೇ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಶುರುಮಾಡಿದರು. ವಾರಕ್ಕೊಮ್ಮೆ ಹೆಂಗಸರು ಕೂಡಿ ಉಪನ್ಯಾಸ ಕೇಳುವುದು, ಚರ್ಚೆ ಮಾಡುವುದು. ಇವತ್ತು ನಮಗೆ ಇದು ಸಾಮಾನ್ಯ ಎನ್ನಿಸಬಹುದು. ಹೆಂಗಸು ಹೊರಗೆ ಹೊರಟರೆ ಅತ್ತೆ, ಅಜ್ಜಿ, ನೆರೆಮನೆಯವರು ಎಲ್ಲರ ಬಾಯಿಗೆ ಬೀಳುತ್ತಿದ್ದ ಕಾಲ ಅದು. ರಮಾಬಾಯಿ ರಾನಡೆಯವರಂಥವರು ಮನೆಯಲ್ಲಿ ಮಾತು ಕೇಳಿಸಿಕೊಂಡೇ ಸಭೆಗೆ ಬರುತ್ತಿದ್ದರು. ಸೊಲ್ಲಾಪುರ, ಅಹಮದನಗರ, ಠಾಣೆಯಂಥ ಊರುಗಳಲ್ಲೂ ಸಮಾಜದ ಶಾಖೆಗಳು ಹುಟ್ಟಿದವು.

ಅದೇ ವರ್ಷ ಶಿಕ್ಷಣದ ಬಗ್ಗೆ ವಿಚಾರಣೆ ಮಾಡಲು ಹಂಟರ್ ಆಯೋಗ ಪುಣೆಗೆ ಬಂತು. ರಮಾಬಾಯಿ ಆಯೋಗದ ಮುಂದೆ ಸಾಕ್ಷಿ ನುಡಿದರು. ಹೆಣ್ಣುಮಕ್ಕಳ ಶಾಲೆಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಅವರಿಗೆ ತರಬೇತಿ ಮತ್ತು ಸರಿಯಾದ ಸಂಬಳ ಬೇಕು, ಹೆಂಗಸರು ಡಾಕ್ಟರಾಗಲು ಅವಕಾಶ ಬೇಕು, ಗಂಡು ಡಾಕ್ಟರಿಗೆ ತೋರಿಸಲು ಸಂಕೋಚಪಟ್ಟು ಎಷ್ಟೋ ಹೆಂಗಸರು ಸಾಯುತ್ತಿದ್ದಾರೆ ಎಂಬುದು ಅವರ ಮಾತಿನ ಸಾರ. ಕೇಳಿದ್ದು ಗಟ್ಟಿಯಾಗಿ, ಕೇಳಿದ್ದು ಇಂಥದ್ದೇ ಬೇಕೆಂದು. ಹೆಣ್ಣುಮಕ್ಕಳು ಉದ್ಧಾರವಾಗಲಿ ಎಂದು ಹಾರೈಸಿ ಅವರು ಸುಮ್ಮನೆ ಕೂರಲಿಲ್ಲ.

ಆದರೆ ಸಭೆಗೆ ಬರುವವರು ಗಂಡ, ಮನೆ, ಆಸರೆ ಇದ್ದವರು. ತಲೆ ಬೋಳಿಸಿ ಮೂಲೆಗೆ ಕೂರಿಸಿದ ಬಾಲವಿಧವೆಯರಿಗೆ ಸಭೆ ಸಾಲದು, ಮನೆ ಬೇಕು, ಶಾಲೆ ಬೇಕು. ಅಂಥದ್ದೊಂದು ಆಶ್ರಯಧಾಮ ಕಟ್ಟುವ ಆಲೋಚನೆಯನ್ನು ರಮಾಬಾಯಿ ಆಗಲೇ ಮುಂದಿಟ್ಟರು. ಮೆಚ್ಚಿದವರು ಬಹಳ, ಹಣ ಕೊಟ್ಟವರು ಕಡಿಮೆ.

ಕಡಲಾಚೆ

ಡಾಕ್ಟರಾಗಬೇಕು ಎಂಬ ಆಸೆಯಿಂದ 1883ರಲ್ಲಿ ರಮಾಬಾಯಿ ಎರಡು ವರ್ಷದ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ತಾವು ಬರೆದ 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಪುಸ್ತಕದ ಮಾರಾಟದ ಹಣ ಪ್ರಯಾಣಕ್ಕೆ ನೆರವಾಯಿತು. ಆದರೆ ಕಿವಿ ಮಂದವಾಗುತ್ತಿತ್ತು, ವೈದ್ಯಕೀಯ ಓದುವ ದಾರಿ ಮುಚ್ಚಿತು. ಅದೇ ವರ್ಷ ಅವರು ಕ್ರೈಸ್ತ ಧರ್ಮಕ್ಕೆ ಸೇರಿದರು. ಇದು ಪುಣೆಯ ಬೆಂಬಲಿಗರಿಗೆ ದೊಡ್ಡ ಪೆಟ್ಟು. ಹಾಗೆಂದು ಅವರು ಮಿಷನರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲೂ ಇಲ್ಲ. ನಂಬಿಕೆಯ ವಿಷಯದಲ್ಲಿ ತನಗೆ ತಾನೇ ಯೋಚಿಸುವ ಹಕ್ಕಿದೆ ಎಂದು ಅಲ್ಲಿನ ಹಿರಿಯರೊಡನೆ ವರ್ಷಗಟ್ಟಲೆ ಪತ್ರದಲ್ಲಿ ವಾದಿಸಿದರು. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು, ಇಂಗ್ಲಿಷ್ ಮತ್ತು ವಿಜ್ಞಾನ ಕಲಿತರು.

1886ರಲ್ಲಿ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ಡಾಕ್ಟರಾದಾಗ ಆ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು. ಕೆಲವು ದಿನಕ್ಕೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಉಳಿದರು. ಶಿಶುವಿಹಾರದ ಹೊಸ ಪದ್ಧತಿಯಲ್ಲಿ ತರಬೇತಿ ಪಡೆದರು. ಶಾಲೆಗಳನ್ನೂ ಹೆಂಗಸರ ಸಂಘಟನೆಗಳನ್ನೂ ಹತ್ತಿರದಿಂದ ನೋಡಿದರು. ಭಾರತದ ಮೇಲ್ಜಾತಿಯ ಹೆಂಗಸರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು ತಾಯಿಗೆ ಅರ್ಪಿಸಿದರು. 1887ರಲ್ಲಿ ಹೊರಬಂದ ಆ ಪುಸ್ತಕದ ಕೊನೆಯಲ್ಲಿ ಬಾಲವಿಧವೆಯರ ಶಾಲೆಗಾಗಿ ನೆರವು ಕೇಳಿದರು. ಪುಸ್ತಕ ಚೆನ್ನಾಗಿ ಖರ್ಚಾಯಿತು.

ಹಣ ಕೂಡಿಸಿದ ರೀತಿ ಗಮನಿಸುವಂಥದ್ದು. ಒಬ್ಬ ಶ್ರೀಮಂತರ ಮನೆ ಬಾಗಿಲಿಗೆ ಹೋಗಲಿಲ್ಲ. ಊರೂರಿನಲ್ಲಿ ಸಣ್ಣ ಸಣ್ಣ ಗುಂಪುಗಳು ಹುಟ್ಟಿದವು, ಸದಸ್ಯರು ವರ್ಷಕ್ಕೆ ಇಷ್ಟು ಎಂದು ಸಣ್ಣ ಮೊತ್ತ ಕೊಡಲು ಒಪ್ಪಿಕೊಂಡರು. ಈ ಗುಂಪುಗಳನ್ನೆಲ್ಲ ಸೇರಿಸಿ 1887ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಯಾಯಿತು. ಹತ್ತು ವರ್ಷಗಳ ಕಾಲ ಶಾಲೆಯ ಖರ್ಚು ನೋಡಿಕೊಳ್ಳುವ ಭರವಸೆ ಕೊಟ್ಟಿತು. ಒಂದು ಸಮಾರಂಭದ ಚೆಕ್ಕಿಗೂ ಹತ್ತು ವರ್ಷದ ಭರವಸೆಗೂ ಇರುವ ವ್ಯತ್ಯಾಸ ಏನೆಂಬುದು ಸಂಘ ನಡೆಸಿದವರಿಗೆ ಗೊತ್ತು.

ಶಾರದಾ ಸದನ

1889ರ ಮಾರ್ಚ್‌ನಲ್ಲಿ ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನ ಶುರುವಾಯಿತು. ಮೊದಲ ದಿನ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಹೊರಗಿನಿಂದ ನೋಡುವವರಿಗೆ ನಗು ಬರುವಷ್ಟು ಸಣ್ಣ ಆರಂಭ. ಮರುವರ್ಷ ಖರ್ಚು ಕಡಿಮೆಯಾಗಲೆಂದು ಸದನವನ್ನು ಪುಣೆಗೆ ತಂದರು.

ಸದನದಲ್ಲಿ ಓದು ಬರಹದ ಜೊತೆ ಹೊಲಿಗೆ, ಮನೆ ನಡೆಸುವ ಲೆಕ್ಕಾಚಾರ, ಶಿಶುವಿಹಾರದ ತರಬೇತಿ ಇತ್ತು. ಹುಡುಗಿಯರು ತಮ್ಮ ತಮ್ಮ ಆಚಾರ ಪಾಲಿಸಬಹುದು, ಬೇರೆಯಾಗಿ ಅಡುಗೆ ಮಾಡಿಕೊಳ್ಳಬಹುದು ಎಂಬ ನಿಯಮವಿತ್ತು. ಬೋಳಿಸಿದ ತಲೆಯಲ್ಲಿ ಮತ್ತೆ ಕೂದಲು ಬೆಳೆಯಲು ಬಿಡುವುದೂ ಅಲ್ಲಿ ಒಂದು ದೊಡ್ಡ ಸಂಗತಿಯೇ.

ಶಾರದಾ ಸದನಕ್ಕೆ ಮೊದಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಎಂಬವರು ಒಬ್ಬರು. ಫರ್ಗ್ಯುಸನ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಅವರನ್ನು ಮದುವೆಯಾದರು. ಗೋದೂಬಾಯಿ ಆನಂದಿಬಾಯಿ ಕರ್ವೆ ಆದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ತಮ್ಮದೇ ಸಂಸ್ಥೆ ತೆರೆದರು. ಅದು ಹಿಂಗಣೆಗೆ ಹೋಗಿ ಬೆಳೆಯಿತು, 1916ರಲ್ಲಿ ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯಕ್ಕೆ ದಾರಿಯಾಯಿತು. ರಮಾಬಾಯಿ ರಾನಡೆಯವರು 1909ರಲ್ಲಿ ಪುಣೆಯಲ್ಲಿ ಸೇವಾಸದನ ಕಟ್ಟಿದರು. ಕರ್ವೆ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಾಗ, ಕರ್ವೆನಗರದಲ್ಲಿ ಗೆಳತಿಯರ ಮನೆಗೆ ಹೋದಾಗ ನನಗೆ ಈಗ ಗೋದೂಬಾಯಿ ನೆನಪಾಗುತ್ತಾರೆ. ಒಂದು ಕೆಲಸ ನಿಜವಾಗಿ ನೆಲಕ್ಕಿಳಿದಿದೆ ಎನ್ನುವುದಕ್ಕೆ ಗುರುತು ಇದೇ ಇರಬೇಕು: ಅದನ್ನು ನೋಡಿ ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಇನ್ನೊಂದನ್ನು ಕಟ್ಟುತ್ತಾರೆ.

ಬಿರುಕು

ಆದರೆ ಅಷ್ಟರಲ್ಲಿ ಬಿರುಕು ಬಿಟ್ಟಿತ್ತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಪತ್ರಿಕೆಗಳಲ್ಲಿ, ಅದರಲ್ಲೂ 'ಕೇಸರಿ'ಯಲ್ಲಿ, ಶಾಲೆಯ ಹೆಸರಿನಲ್ಲಿ ಮತಾಂತರ ನಡೆಯುತ್ತಿದೆ ಎಂಬ ಟೀಕೆ ಬಂತು. ರಮಾಬಾಯಿ ತಾನು ಯಾರನ್ನೂ ಬಲವಂತ ಮಾಡಿಲ್ಲ, ಬಂದವರನ್ನು ಹೊರಗೆ ಕಳಿಸುವುದೂ ಇಲ್ಲ ಎಂಬ ನಿಲುವಿನಲ್ಲಿ ನಿಂತರು. ಧರ್ಮದ ವಿಷಯದಲ್ಲಿ ಸದನ ತಟಸ್ಥ ಎಂದು ನಂಬಿ ಮಕ್ಕಳನ್ನು ಕಳಿಸಿದ ಮನೆಯವರಿಗೆ ಇದು ಮಾತಿಗೆ ತಪ್ಪಿದಂತೆ ಕಂಡಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ಇಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನನಗೆ ಸಾಧ್ಯವಿಲ್ಲ. ಇಬ್ಬರ ಕಡೆಗೂ ಕಾರಣ ಇತ್ತು. ನನಗೆ ಕಾಣುವ ನಷ್ಟ ಆ ಇಪ್ಪತ್ತು ಚಿಲ್ಲರೆ ಹುಡುಗಿಯರದು. ಪುಸ್ತಕ ಮುಚ್ಚಿಟ್ಟು ಅವರಲ್ಲಿ ಎಷ್ಟು ಜನ ಮತ್ತೆ ಅದೇ ಮೂಲೆಗೆ ಹೋಗಿ ಕೂತರೋ! ದೊಡ್ಡವರ ನಡುವೆ ವಿಶ್ವಾಸ ಮುರಿದಾಗ ಬೆಲೆ ತೆರುವವರು ಯಾರು ಎಂಬುದನ್ನು ಸಮಾಜಸೇವೆ ಮಾಡುವ ಎಲ್ಲರೂ ನೆನಪಿಡಬೇಕು.

ಈ ಘಟನೆಯ ನಂತರ ರಮಾಬಾಯಿ ಸದನ ಮುಚ್ಚಲಿಲ್ಲ. ಆದರೆ ಊರಿನ ಗಣ್ಯರ ಒಪ್ಪಿಗೆಯ ಮೇಲೆ, ದೂರದ ದಾನಿಗಳ ಹಣದ ಮೇಲೆ ಎಷ್ಟು ದಿನ ನಿಲ್ಲುವುದು ಎಂಬ ಯೋಚನೆ ಶುರುವಾಯಿತು. ಬಾಸ್ಟನ್ನಿನ ಹತ್ತು ವರ್ಷವೂ ಮುಗಿಯುತ್ತ ಬಂದಿತ್ತು. ಪುಣೆಯಿಂದ ಸುಮಾರು 55 ಕಿ.ಮೀ. ದೂರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಜಮೀನು ಕೊಂಡರು. ಹಣ್ಣಿನ ಗಿಡ ನೆಟ್ಟು, ಅದರ ಆದಾಯದಿಂದ ಶಾಲೆ ನಡೆಸುವುದು ಲೆಕ್ಕ.

ಕೇಡಗಾಂವದ ಹೊಲದಲ್ಲಿ

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಓದಿದ ರಮಾಬಾಯಿಗೆ ಇಪ್ಪತ್ತೆರಡು ವರ್ಷದ ಹಿಂದಿನ ತಮ್ಮ ಬರ ಕಣ್ಣಿಗೆ ಕಟ್ಟಿತು. ತಾವೇ ಹೊರಟರು. ಪರಿಹಾರದ ಕೆಲಸ ನಡೆಯುವ ಜಾಗಗಳಲ್ಲಿ ದಿಕ್ಕಿಲ್ಲದ ಹುಡುಗಿಯರು ಹಸಿವಿನ ಜೊತೆಗೆ ಇನ್ನೂ ಕೆಟ್ಟವರ ಕೈಗೆ ಸಿಗುತ್ತಿರುವುದನ್ನು ಕಂಡರು. ಕೆಲವೇ ತಿಂಗಳಲ್ಲಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಐವತ್ತು ಅರವತ್ತು ಜನರ ಶಾಲೆಗೆ ಒಮ್ಮೆಗೇ ಮುನ್ನೂರು! ಅದೂ ಸರಿಯಾಗಿ ಪುಣೆಯಲ್ಲಿ ಪ್ಲೇಗ್ ಹಬ್ಬಿದ ಹೊತ್ತಿಗೆ. ಊರಿನೊಳಗೆ ಇಷ್ಟು ಜನರನ್ನು ಇಡುವಂತಿಲ್ಲ. ಕೇಡಗಾಂವದ ಹೊಲದಲ್ಲಿ ಡೇರೆ ಹಾಕಿ, ತಾತ್ಕಾಲಿಕ ಚಪ್ಪರ ಕಟ್ಟಿ ಎಲ್ಲರನ್ನೂ ಅಲ್ಲಿಗೆ ಸಾಗಿಸಿದರು. ಹಣ್ಣಿನ ತೋಟವಾಗಬೇಕಿದ್ದ ಜಮೀನು ಊರಾಯಿತು. 1898ರಲ್ಲಿ ಅದಕ್ಕೆ ಮುಕ್ತಿ ಸದನ ಎಂದು ಹೆಸರಾಯಿತು.

1900ರಲ್ಲಿ ಗುಜರಾತಿನ ಕಡೆ ಬರ ಬಂದಾಗ ಮತ್ತೆ ನೂರಾರು ಜನ ಬಂದರು. ಒಟ್ಟು ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಬಂದ ಎಷ್ಟೋ ಮಕ್ಕಳು ಎಲುಬಿನ ಹಂದರವಾಗಿದ್ದರು, ಕೆಲವರು ಉಳಿಯಲಿಲ್ಲ. ಉಳಿದವರಿಗೆ ಅಕ್ಷರ ಗೊತ್ತಿಲ್ಲ, ಸ್ನಾನ, ಶಿಸ್ತು ಯಾವುದರ ಅಭ್ಯಾಸವೂ ಇಲ್ಲ. ಪುಣೆಯ ಮೇಲ್ಜಾತಿಯ ವಿಧವೆಯರಿಗೆಂದು ಮಾಡಿದ ಶಾರದಾ ಸದನದ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ. ರಮಾಬಾಯಿ ಪದ್ಧತಿಯನ್ನೇ ಬದಲಿಸಿದರು.

ದೊಡ್ಡ ಹುಡುಗಿಯರಿಗೆ ಸಣ್ಣವರ ಒಂದೊಂದು ಗುಂಪಿನ ಹೊಣೆ. ಶಾರದಾ ಸದನದಲ್ಲಿ ಕಲಿತವರು ಮೇಲ್ವಿಚಾರಕಿಯರು, ಶಿಕ್ಷಕಿಯರು. ದಿನದ ಒಂದು ಭಾಗ ಪಾಠ, ಒಂದು ಭಾಗ ದುಡಿಮೆ. ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೋ ಅದು. ಹೊಲದಲ್ಲಿ ಬಿತ್ತನೆ, ಕಳೆ, ಕೊಯ್ಲು. ಕೊಟ್ಟಿಗೆಯಲ್ಲಿ ದನ, ಹಾಲು. ಮಗ್ಗದಲ್ಲಿ ಬಟ್ಟೆ, ಅದನ್ನು ಹೊಲಿಯುವವರು ಬೇರೆ. ಗಾಣದಲ್ಲಿ ಎಣ್ಣೆ. ಬುಟ್ಟಿ ಹೆಣೆಯುವುದು, ಬಟ್ಟೆ ಒಗೆಯುವುದು, ಅಡುಗೆ, ರೋಗಿಗಳ ಆರೈಕೆ. ಬಾವಿಗಳನ್ನು ತೋಡಿಸಿದರು. ನೀರಿಲ್ಲದಿದ್ದರೆ ಎರಡು ಸಾವಿರ ಜನರ ಮಾತಿರಲಿ, ಇನ್ನೂರು ಜನರೂ ಅಲ್ಲಿ ಬದುಕುವಂತಿರಲಿಲ್ಲ. ಹಳ್ಳಿಯಿಂದ ಬಂದ ರೈತಾಪಿ ಹುಡುಗಿಯರಿಗೆ ಹೊಲದ ಕೆಲಸ ಮೊದಲೇ ಗೊತ್ತಿತ್ತು. ಅವರ ತಿಳಿವಳಿಕೆಯೂ ಸಂಸ್ಥೆಗೆ ಬಂಡವಾಳವೇ ಆಯಿತು.

ಮುದ್ರಣಾಲಯದ ಕೆಲಸ ನನಗೆ ವಿಶೇಷವಾಗಿ ಇಷ್ಟ. ಅಚ್ಚುಮೊಳೆ ಜೋಡಿಸುವುದು, ಮುದ್ರಿಸುವುದು, ಮಡಚುವುದು, ಬೈಂಡು ಮಾಡುವುದು, ಎಲ್ಲವನ್ನೂ ಹುಡುಗಿಯರೇ ಕಲಿತರು. ಕೊನೆಯ ವರ್ಷಗಳಲ್ಲಿ ರಮಾಬಾಯಿ ಮೂಲ ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ಅನುವಾದಿಸಿದರು. ಅದು ಅಚ್ಚಾದದ್ದು ಇದೇ ಮುದ್ರಣಾಲಯದಲ್ಲಿ, ಬರದಿಂದ ಉಳಿದು ಬಂದ ಹುಡುಗಿಯರ ಕೈಯಲ್ಲಿ. ಐಟಿಯಲ್ಲಿ ಹೆಂಗಸರು ಎಂದು ನಾವು ಈಗ ಮಾತನಾಡುತ್ತೇವೆ. ಆ ಕಾಲಕ್ಕೆ ಹೊಸದಾಗಿದ್ದ ತಂತ್ರಜ್ಞಾನವನ್ನು ಹಳ್ಳಿಯ ಹುಡುಗಿಯರ ಕೈಗೆ ಕೊಟ್ಟವರು ರಮಾಬಾಯಿ.

ಬೇರೆ ಬೇರೆ ಅಗತ್ಯ ಕಂಡಂತೆ ಬೇರೆ ಬೇರೆ ಮನೆಗಳು ಎದ್ದವು. ಮೋಸಹೋಗಿ ದಾರಿ ತಪ್ಪಿದವರೆಂದು ಸಮಾಜ ಹೊರಹಾಕಿದ ಹೆಂಗಸರಿಗೆ ಕೃಪಾ ಸದನ, ವಯಸ್ಸಾದವರಿಗೆ ಪ್ರೀತಿ ಸದನ. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುವ ವ್ಯವಸ್ಥೆಯೂ ಆಯಿತು. ಯಾವುದನ್ನೂ ಮೊದಲೇ ಕಾಗದದ ಮೇಲೆ ಬರೆದಿಟ್ಟಿರಲಿಲ್ಲ. ಬಾಗಿಲಿಗೆ ಯಾರು ಬಂದರೋ ಅವರಿಗೆ ತಕ್ಕ ಮನೆ ಕಟ್ಟಿದರು, ಅಷ್ಟೆ.

ಮನೋರಮಾ ಮತ್ತು ಕಲಬುರಗಿ

ಬ್ರೈಲ್ ಕಲಿಸುವ ಕೆಲಸ ಹಿಡಿದವರು ಮಗಳು ಮನೋರಮಾ. ಹಡಗಿನಲ್ಲಿ ತಾಯಿಯ ಜೊತೆ ಹೋದ ಕೂಸು ಈಗ ಓದಿ ಬಂದು ತಾಯಿಯ ಬಲಗೈಯಾಗಿದ್ದರು. ಶಾರದಾ ಸದನದ ಶಾಲೆಯನ್ನು ನೋಡಿಕೊಂಡರು, ಅದು ಹೈಸ್ಕೂಲಾಗಿ ಬೆಳೆಯಿತು. 1912ರ ಸುಮಾರಿಗೆ ತಾಯಿ ಮಗಳು ಸೇರಿ ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗಾದಲ್ಲಿಯೂ, ಅಂದರೆ ನಮ್ಮ ಕಲಬುರಗಿಯಲ್ಲಿ, ಒಂದು ಶಾಲೆ ತೆರೆದರು. ಹೆಣ್ಣುಮಕ್ಕಳ ಶಿಕ್ಷಣದಲ್ಲಿ ತೀರ ಹಿಂದುಳಿದಿದ್ದ ಸೀಮೆ ಅದು. ಕನ್ನಡ ಕಾಡಿನಲ್ಲಿ ಹುಟ್ಟಿ ಆರು ತಿಂಗಳಿಗೆ ಹೊರಟ ಮಗು ಐವತ್ತು ವರ್ಷ ದಾಟಿದ ಮೇಲೆ ಕನ್ನಡದ ಇನ್ನೊಂದು ತುದಿಗೆ ಒಂದು ಶಾಲೆಯ ರೂಪದಲ್ಲಿ ಬಂದಂತಾಯಿತು.

1919ರಲ್ಲಿ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು, ನಲವತ್ತು ವರ್ಷಕ್ಕೆ. ಎಲ್ಲರನ್ನೂ ಕಳೆದುಕೊಂಡ ಬದುಕಿಗೆ ಉಳಿದಿದ್ದ ಒಂದೇ ಆಸರೆಯೂ ಹೋಯಿತು. ಅನುವಾದದ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. ವಾರಸುದಾರರು ಯಾರೂ ಇರಲಿಲ್ಲ. ಸಂಸ್ಥೆ ನಿಲ್ಲಲಿಲ್ಲ.

ನಮಗೆ ಉಳಿದದ್ದು

ರಮಾಬಾಯಿಯವರನ್ನು ನಾವು ಮರೆತದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಧರ್ಮ ಬಿಟ್ಟರು ಎಂದು ಒಂದು ಕಡೆಯವರು ದೂರ ಇಟ್ಟರು. ಹೇಳಿದ ಮಾತು ಕೇಳುವುದಿಲ್ಲ ಎಂದು ಇನ್ನೊಂದು ಕಡೆಯ ಕೆಲವರೂ ಮುನಿಸಿಕೊಂಡರು. ಹುಟ್ಟಿದ ನಾಡಿನವರಾದ ನಮಗೆ ಆಕೆ ಮರಾಠಿಯವರು. ಹೀಗೆ ಯಾರ ಪಟ್ಟಿಯಲ್ಲೂ ಪೂರ್ತಿ ಸೇರದೆ ಉಳಿದರು. ಅವರ ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕೆಲಸವನ್ನು ನೋಡದೆ ಇರುವುದು ಮಾತ್ರ ನ್ಯಾಯವಲ್ಲ.

ನನ್ನ ಕೆಲಸದ ಬದುಕಿನಲ್ಲಿ ಕಂಪನಿಗಳ ಸಮಾಜಸೇವೆಯ ಎಷ್ಟೋ ಯೋಜನೆಗಳನ್ನು ಕಂಡಿದ್ದೇನೆ. ಒಂದು ಕಡೆ ಹಳ್ಳಿಯ ಶಾಲೆಗೆ ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸಿಕೊಂಡು ಬಂದದ್ದಾಯಿತು. ಮರುವರ್ಷ ಅವು ಬೀಗ ಹಾಕಿದ ಕೋಣೆಯಲ್ಲಿದ್ದವು, ಏಕೆಂದರೆ ಅವನ್ನು ನಡೆಸಲು ಅಲ್ಲಿನ ಯಾರಿಗೂ ಕಲಿಸಿರಲಿಲ್ಲ. ಇದನ್ನು ಕೇಡಗಾಂವದ ಪಕ್ಕದಲ್ಲಿಟ್ಟು ನೋಡಿದರೆ ಪಾಠ ತಾನಾಗಿ ತಿಳಿಯುತ್ತದೆ. ರಮಾಬಾಯಿ ಇಬ್ಬರಿಂದ ಶುರುಮಾಡಿದರು. ಹಣವನ್ನು ಬಹಳ ಜನರಿಂದ, ಬಹಳ ವರ್ಷಕ್ಕೆ ಕೇಳಿದರು. ಬೇರೆಯವರ ಕೃಪೆಯಲ್ಲಿ ನಿಲ್ಲಬಾರದೆಂದು ಸ್ವಂತ ನೆಲ ಮಾಡಿಕೊಂಡರು. ಒಂದು ಪದ್ಧತಿ ಹೊಂದದಿದ್ದರೆ ಬದಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗಾಗಿ ಕಟ್ಟಿದರೋ ಅವರ ಕೈಗೇ ಕೀಲಿಕೈ ಕೊಟ್ಟರು. ನಿನ್ನೆ ಹಸಿದು ಬಂದವಳು ಇವತ್ತು ಕಲಿಯುತ್ತಾಳೆ, ನಾಳೆ ಕಲಿಸುತ್ತಾಳೆ. ರಮಾಬಾಯಿ ಹೋದ ಮೇಲೂ ಸಂಸ್ಥೆ ನಿಂತದ್ದು ಈ ಒಂದು ಕಾರಣಕ್ಕೆ ಎಂದು ನಾನು ನಂಬುತ್ತೇನೆ.

ನಮ್ಮ ವೇದಿಕೆಯಲ್ಲಿ ಡಾಕ್ಟರಿದ್ದಾರೆ, ಶಿಕ್ಷಕಿಯರಿದ್ದಾರೆ, ಹೊಲಿಗೆ ಬಲ್ಲವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಅಮ್ಮಂದಿರಿದ್ದಾರೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕಂದಿರಲ್ಲಿ ಬಹಳ ಜನ ವಿಜಯಪುರ, ಕಲಬುರಗಿ ಕಡೆಯಿಂದ ಗುಳೆ ಬಂದವರು. ಅವರ ಹೆಣ್ಣುಮಕ್ಕಳು ಹತ್ತನೆಯ ತರಗತಿಯಾದ ಮೇಲೆ ಏನು ಮಾಡುತ್ತಿದ್ದಾರೆ ಎಂದು ಕೇಳುವುದರಿಂದ ನಾವು ಶುರುಮಾಡಬಹುದು. ಇನ್ನೂರು ಜನ ಬೇಕಿಲ್ಲ. ಇಬ್ಬರು ಸಿಕ್ಕರೂ ಸಾಕು.